ಬಸ್ಸು ಉಂಟಲ್ಲ, ಓಡುವುದು ಎಂತಕ್ಕೆ?

ಉಡುಪಿಯಲ್ಲಿ ಕಾರಣವಿಲ್ಲದೆ ಕೂತುಕೊಳ್ಳಬಹುದು. ಬೆಳಗ್ಗೆ ಬಂದು ಕಟ್ಟೆಯ ಮೇಲೆ ಕೂತು, ಮಧ್ಯಾಹ್ನ ಎದ್ದು ಹೋಗಿ ಉಂಡು, ಮತ್ತೆ ಬಂದು ಅದೇ ಜಾಗದಲ್ಲಿ ಕೂತರೆ ಯಾರೂ ಏನೂ ಕೇಳುವುದಿಲ್ಲ. ಸ್ವಲ್ಪ ಸರಿದು ಜಾಗ ಬಿಡುತ್ತಾರೆ. ಕಾರಣವಿಲ್ಲದೆ ಮಾತಾಡಬಹುದು, ಅದಕ್ಕೆ ಮೈಕು ಕಟ್ಟಿಸಿಕೊಡುತ್ತಾರೆ, ಕೊನೆಗೆ ಒಂದು ಹಾರವನ್ನೂ ಹಾಕುತ್ತಾರೆ. ಕಾರಣವಿಲ್ಲದೆ ಮದುವೆಯೂ ಆಗಬಹುದು. ಆದರೆ ಕಾರಣವಿಲ್ಲದೆ ಓಡುವ ಹಾಗಿಲ್ಲ. ನಾಲ್ಕು ಹೆಜ್ಜೆ ಓಡಿದಿರೋ, ಐದನೆಯದಕ್ಕೆ ಯಾರಾದರೊಬ್ಬರು ಅಂಗಡಿಯ ಒಳಗಿನಿಂದ ಕುತ್ತಿಗೆ ಹೊರಗೆ ಹಾಕಿ ಕೇಳಿಯೇ ಕೇಳುತ್ತಾರೆ: "ಎಂತ ಮಾರಾಯ, ಎಂತಾಯಿತು?"

ಏನೂ ಆಗಿಲ್ಲ ಎಂದರೆ ಅದು ಉತ್ತರವಲ್ಲ. ಏನೂ ಆಗದೆ ಮನುಷ್ಯ ಓಡುತ್ತಾನೆಯೇ? ನಮ್ಮಲ್ಲಿ ಓಟಕ್ಕೆ ಒಪ್ಪಿತವಾದ ಕಾರಣಗಳು ಕೆಲವುಂಟು. ಬಸ್ಸು ಹೊರಟಿರಬೇಕು. ಅಥವಾ ಊಟದ ಪಂಕ್ತಿ ಕೂತಿರಬೇಕು. ಅಂಗಳದಲ್ಲಿ ಹಪ್ಪಳ ಒಣಗುತ್ತಿದ್ದು ಮಳೆ ಬಂದಿರಬೇಕು. ನಾಯಿಯಾದರೂ ಹಿಂದೆ ಬಿದ್ದಿರಬೇಕು. ಇವು ಯಾವುದೂ ಇಲ್ಲದೆ ಬನಿಯನು ಚಡ್ಡಿಯಲ್ಲಿ ಬೆಳಗ್ಗೆ ಓಡುವವನ ತಲೆಯಲ್ಲಿ ಏನೋ ಸಡಿಲವಾಗಿದೆ ಎಂದು ಅರ್ಥ. ಎಂಬತ್ತನೆಯ ಇಸವಿಯ ಆಸುಪಾಸಿನಲ್ಲಿ ಸುಮಾರು ಒಂದು ವರ್ಷ ನಾನು ಹೀಗೆ ಸಡಿಲ ತಲೆಯವನಾಗಿ ಬಾಳಿದೆ. ಆ ಒಂದು ವರ್ಷದಲ್ಲಿ ಉಡುಪಿಯ ಸುತ್ತಮುತ್ತಲ ರಸ್ತೆಗಳ ಬಗ್ಗೆ ನನಗೆ ಬಂದ ಜ್ಞಾನವನ್ನು ಇಲ್ಲಿ ಹೇಳುತ್ತೇನೆ. ಅದರಿಂದ ಯಾರಿಗೂ ಉಪಯೋಗವಿಲ್ಲ.

ಅದಕ್ಕೆ ಮೊದಲು ನನ್ನ ಪರಿಚಯ ಆಗಬೇಕು. ದೇವರು ನನಗೆ ಕೊಟ್ಟದ್ದು ಒಂದೇ ವಿದ್ಯೆ, ಅಣಕು. ಯಾರನ್ನೇ ಆಗಲಿ ಎರಡು ಸಲ ನೋಡಿದರೆ ಮೂರನೆಯ ಸಲ ನಾನೇ ಅವರಾಗಿಬಿಡುತ್ತೇನೆ. ಅಂಬಲಪಾಡಿಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಅಮ್ಮನ ಎದುರು ನಾನು ಮಾಡದ ಮನುಷ್ಯರಿಲ್ಲ: ಮಂತ್ರದ ನಡುವೆ ದಕ್ಷಿಣೆಯ ಕಡೆ ಒಂದು ಕಣ್ಣು ಇಟ್ಟ ಭಟ್ಟರು, ಕೆಮ್ಮಿಯೇ ಮಾತು ಮುಗಿಸುವ ವಕೀಲರು, ಸೀರೆಯಂಗಡಿಯಲ್ಲಿ ಏನೂ ಕೊಳ್ಳದೆ ಎಲ್ಲವನ್ನೂ ಬಿಡಿಸಿ ಹಾಕಿಸುವ ಅತ್ತೆಯಂದಿರು. ಮದುವೆಮನೆಗಳಲ್ಲಿ ನನ್ನನ್ನು ಕರೆದು ಕೂರಿಸಿ, "ಇವರನ್ನೊಮ್ಮೆ ಮಾಡು ಮಾರಾಯ" ಎನ್ನುತ್ತಿದ್ದರು. ತನ್ನನ್ನು ಮಾಡು ಎಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಪಕ್ಕದವನನ್ನು ಮಾಡಿದರೆ ಹೊಟ್ಟೆ ಹಿಡಿದು ನಗುವವರು, ತಮ್ಮ ಸರದಿ ಬಂದಾಗ, "ಹುಡುಗನಿಗೆ ದೊಡ್ಡವರು ಚಿಕ್ಕವರು ಇಲ್ಲ" ಎಂದು ನೀರು ಕುಡಿಯಲು ಏಳುತ್ತಿದ್ದರು.

ನನ್ನ ಅತ್ಯುತ್ತಮ ಪಾತ್ರ ಮಾತ್ರ ಅಪ್ಪನದು. ಅಪ್ಪ ಬ್ಯಾಂಕಿನಲ್ಲಿದ್ದರು. ಉಡುಪಿಯಲ್ಲಿ ಇದನ್ನು ಹೇಳಬೇಕಾಗಿಲ್ಲ. ಬ್ಯಾಂಕಿನಲ್ಲಿ ಇಲ್ಲದಿದ್ದರೆ ಮಾತ್ರ ವಿವರಿಸಬೇಕಾಗುತ್ತದೆ. ಎಡ ಕಂಕುಳಲ್ಲಿ ಮಡಚಿದ ಕೊಡೆ, ತಲೆ ತುಸು ಬಲಕ್ಕೆ ವಾಲಿ, ಬಲಗೈ ಗಡಿಯಾರದ ಲೋಲಕದಂತೆ ಬೀಸುತ್ತಾ, ಎಡಗೈ ಮೈಗೆ ಅಂಟಿಸಿದಂತೆ ಅಲುಗಾಡದೆ, ಅವರು ಬ್ಯಾಂಕಿಗೆ ನಡೆಯುವುದು ಒಂದು ನೋಟ. ಬೇಸಗೆಯಲ್ಲೂ ಕೊಡೆ ಇರಲೇಬೇಕು. ಬಿಡಿಸಲಿಕ್ಕಲ್ಲ, ಹಿಡಿಯಲಿಕ್ಕೆ. ಅಮ್ಮ ಒಲೆ ಊದುವ ಕೊಳವೆಯನ್ನು ನನ್ನ ಕಂಕುಳಿಗೆ ಕೊಟ್ಟು, "ಎಲ್ಲಿ, ಅವರು ಬಂದರಾ?" ಎಂದು ಕೇಳುವುದು, ನಾನು ಅಡುಗೆಕೋಣೆಯ ಆ ತುದಿಯಿಂದ ಈ ತುದಿಗೆ ನಡೆಯುವುದು, ಅಮ್ಮ ಸೆರಗು ಬಾಯಿಗೆ ಒತ್ತಿಕೊಳ್ಳುವುದು, ಇದು ನನ್ನ ಬಾಲ್ಯದಿಂದ ನಡೆದುಕೊಂಡು ಬಂದ ಸೇವೆ. ಅಪ್ಪನಿಗೆ ಇದು ಗೊತ್ತಿಲ್ಲವೆಂದು ನಾವಿಬ್ಬರೂ ನಂಬಿದ್ದೆವು.

ಇಂಥ ಅಪ್ಪ, ನಾನು ಬಿ.ಎ. ಮುಗಿಸಿದ ಕೂಡಲೇ ಬ್ಯಾಂಕಿನ ಪರೀಕ್ಷೆಗೆ ಕೂರಬೇಕು ಎಂದರು. ನಾನು ವ್ಯಾಯಾಮ ಶಿಕ್ಷಕರ ತರಬೇತಿಗೆ ಹೋಗುತ್ತೇನೆ ಎಂದೆ. ಡ್ರಿಲ್ ಮಾಸ್ಟ್ರಾಗಬೇಕೆಂದು ನಮ್ಮ ಮನೆತನದಲ್ಲಿ ಈವರೆಗೆ ಯಾರಿಗೂ ಅನ್ನಿಸಿರಲಿಲ್ಲ. ನನಗಾದರೂ ದೊಡ್ಡ ಆದರ್ಶವೇನೂ ಇರಲಿಲ್ಲ. ಶಾಲೆಯಲ್ಲಿ ಎಲ್ಲರೂ ಒಳಗಿರುವಾಗ ಹೊರಗಿರಲು ಸಂಬಳ ಸಿಗುವುದು ಆ ಒಬ್ಬರಿಗೇ ಎಂಬುದು ಒಂದು. ಇನ್ನೊಂದು, ಬ್ಯಾಂಕಿನ ಕುರ್ಚಿಯಲ್ಲಿ ನನ್ನನ್ನು ಊಹಿಸಿಕೊಂಡಾಗಲೆಲ್ಲ ನನಗೆ ಕಾಣುತ್ತಿದ್ದುದು ಅಪ್ಪ. ನಿವೃತ್ತಿಯಾಗುವವರೆಗೆ ದಿನವಿಡೀ ಅಪ್ಪನ ಅಣಕು ಮಾಡುತ್ತಾ ಕೂರುವುದು ಎಷ್ಟು ದೊಡ್ಡ ಕಲಾವಿದನಿಗೂ ಕಷ್ಟ.

"ಓಡುದು ಕಲಿಯಲಿಕ್ಕೆ ಕಾಲೇಜು ಎಂತಕ್ಕೆ?" ಎಂದರು ಅಪ್ಪ. "ದನ ಓಡ್ತದೆ. ಅದು ಯಾವ ಕಾಲೇಜಿಗೆ ಹೋಗಿದೆ?"

ಅಮ್ಮ ನಡುವೆ ಬಂದದ್ದರಿಂದ ಒಂದು ಒಪ್ಪಂದವಾಯಿತು. ಮುಂದಿನ ಮಳೆಗಾಲಕ್ಕೆ ಮೊದಲು ಯುವಕ ಮಂಡಲದವರು ಹಿರಿಯಡ್ಕದಿಂದ ಉಡುಪಿಯವರೆಗೆ ಒಂದು ರಸ್ತೆ ಓಟ ನಡೆಸುವವರಿದ್ದರು. ಅದರಲ್ಲಿ ಮೊದಲ ಮೂವರಲ್ಲಿ ಒಬ್ಬನಾದರೆ ತರಬೇತಿಗೆ ಅರ್ಜಿ. ಇಲ್ಲವಾದರೆ ಬಾಯಿ ಮುಚ್ಚಿ ಬ್ಯಾಂಕಿನ ಪರೀಕ್ಷೆ. ಅಪ್ಪ ಇದನ್ನು ಹೇಳಿದ್ದು ಠೇವಣಿಯ ಶರತ್ತುಗಳನ್ನು ಓದಿ ಹೇಳುವ ಸ್ವರದಲ್ಲಿ. ಮರುದಿನ ಬೆಳಗ್ಗೆ ನಾನು ಓಡತೊಡಗಿದೆ.

ಮೊದಲು ಆರಿಸಿಕೊಂಡದ್ದು ರಥಬೀದಿ. ಸುತ್ತು ಹಾಕಲು ಅನುಕೂಲ, ನೆಲ ಸಮತಟ್ಟು. ಎರಡನೆಯ ಸುತ್ತಿನಲ್ಲೇ ಗೊತ್ತಾಯಿತು, ಅಲ್ಲಿ ಸುತ್ತು ಹಾಕುವವರೆಲ್ಲ ಪುಣ್ಯಕ್ಕಾಗಿ ಹಾಕುತ್ತಿದ್ದಾರೆ, ಬೆವರಿಗಾಗಿ ಬಂದವನು ನಾನೊಬ್ಬನೇ ಎಂದು. ಮಡಿಯುಟ್ಟ ಭಟ್ಟರುಗಳದ್ದು ಒಂದು ವಿಶಿಷ್ಟ ಗತಿ. ಅದು ನಡಿಗೆಯಲ್ಲ, ಆದರೆ ಅದನ್ನು ಓಟವೆಂದರೆ ಮಡಿ ಹೋಗುತ್ತದೆ. ಸೊಂಟದ ಮೇಲೆ ಶಾಂತಿ, ಕೆಳಗೆ ಯುದ್ಧ. ಯಾರನ್ನೂ ಮುಟ್ಟದೆ, ಯಾರಿಂದಲೂ ಮುಟ್ಟಿಸಿಕೊಳ್ಳದೆ, ಎಲ್ಲರಿಗಿಂತ ಮೊದಲು ಪಂಕ್ತಿ ತಲುಪುವ ಆ ಕೌಶಲ ಯಾವ ಒಲಿಂಪಿಕ್ಸಿನಲ್ಲೂ ಇಲ್ಲ. ನಾನು ಅವರನ್ನು ದಾಟುವಾಗಲೆಲ್ಲ ಒಬ್ಬೊಬ್ಬರೂ ಪಕ್ಕಕ್ಕೆ ಹಾರಿ, "ಯಾರಿಗೆ ಹುಷಾರಿಲ್ಲ?" ಎಂದು ಕೇಳುತ್ತಿದ್ದರು. ಅಷ್ಟು ಹೊತ್ತಿಗೆ ಓಡಿ ಬರುವವನು ಸುದ್ದಿ ತರುವವನೇ ಇರಬೇಕಲ್ಲ. ಮೂರನೆಯ ದಿನ ಒಬ್ಬರು ಅಮ್ಮನಿಗೆ ಹೇಳಿಕಳಿಸಿದರು: ಹುಡುಗನ ಜಾತಕವನ್ನೊಮ್ಮೆ ತೋರಿಸುವುದು ಒಳ್ಳೆಯದು. ನಾನು ರಥಬೀದಿ ಬಿಟ್ಟೆ. ಹೋಗುವಾಗ ಆ ಗತಿಯನ್ನು ಮಾತ್ರ ಕದ್ದುಕೊಂಡು ಹೋದೆ.

ಆಮೇಲೆ ಮಣಿಪಾಲದ ಗುಡ್ಡ. ಅಲ್ಲಿ ಓಡುವವರನ್ನು ಯಾರೂ ಏನೂ ಕೇಳುವುದಿಲ್ಲ ಎಂದು ಕೇಳಿದ್ದೆ. ನಿಜ, ಕೇಳುವುದಿಲ್ಲ. ದೇಶದ ಮೂಲೆಮೂಲೆಗಳಿಂದ ವೈದ್ಯರಾಗಲು ಬಂದ ಹುಡುಗರು ಬಣ್ಣಬಣ್ಣದ ಬೂಟು ಹಾಕಿಕೊಂಡು, ಹಣೆಗೆ ಪಟ್ಟಿ ಕಟ್ಟಿಕೊಂಡು ಅಲ್ಲಿ ಓಡುತ್ತಿದ್ದರು. ಹಣೆಯ ಪಟ್ಟಿಯನ್ನು ನಾನು ಮೊದಲು ಗಾಯವೆಂದುಕೊಂಡಿದ್ದೆ. ಅವರ ಓಟ ನೋಡಲು ಚಂದ. ನುಣ್ಣಗೆ, ಸದ್ದಿಲ್ಲದೆ, ಕನ್ನಡಿಯ ಎದುರು ಓಡಿದಂತೆ. ಗುಡ್ಡದ ಅಂಚಿಗೆ ಬಂದು, ಕೆಳಗೆ ಸ್ವರ್ಣಾ ನದಿ ಹರಿಯುವುದನ್ನು ನೋಡದೆ, ಎಲ್ಲರೂ ನಿಂತು ಒಂದು ಕೈಯಿಂದ ತಮ್ಮ ಇನ್ನೊಂದು ಕೈಯ ನಾಡಿ ಹಿಡಿದು ವಾಚು ನೋಡುತ್ತಿದ್ದರು. ಮುಖದಲ್ಲಿ ಎಂಥ ಗಾಂಭೀರ್ಯ! ರೋಗಿ ಬದುಕುವುದು ಸಂಶಯ ಎಂಬಂತೆ. ಅನಂತರ ಚಾದಂಗಡಿಯ ಹಿಂದೆ ಹೋಗಿ ಸಾಲಾಗಿ ನಿಂತು ಸಿಗರೇಟು ಸೇದುತ್ತಿದ್ದರು. ನಾನೂ ಅವರಂತೆ ನಿಂತು ನನ್ನ ನಾಡಿ ಹುಡುಕಿದೆ. ಎಷ್ಟು ತಡಕಿದರೂ ಸಿಗಲಿಲ್ಲ. ಮನೆಗೆ ಬಂದು ಅಮ್ಮನಲ್ಲಿ ಹೇಳಿದೆ. "ತಿಂಡಿ ತಿನ್ನು, ಬರ್ತದೆ" ಎಂದಳು.

ಕಡಲತೀರದಲ್ಲಿ ಓಡಬೇಕು, ಮರಳಿನಲ್ಲಿ ಕಾಲು ಗಟ್ಟಿಯಾಗುತ್ತದೆ ಎಂದು ಯುವಕ ಮಂಡಲದ ಅಧ್ಯಕ್ಷರು ಸಲಹೆ ಕೊಟ್ಟರು. ಈ ಅಧ್ಯಕ್ಷರು ಅಂಗಡಿಯಿಂದ ಮನೆಗೂ ಸ್ಕೂಟರಿನಲ್ಲಿ ಹೋಗುವವರು. ಎರಡೂ ಒಂದೇ ಕಟ್ಟಡದಲ್ಲಿಲ್ಲ ಎಂಬುದೇ ಅವರ ದೊಡ್ಡ ದುಃಖ. ಅವರ ಮಾತು ಕೇಳಿ ಬಸ್ಸು ಹತ್ತಿ ಕಾಪುವಿಗೆ ಹೋಗತೊಡಗಿದೆ. ಮುಂಜಾನೆಯ ಕಡಲತೀರದ ಬಗ್ಗೆ ನಮ್ಮ ಕವಿಗಳು ಬರೆದದ್ದನ್ನು ಓದಿ ಹೋದರೆ ಕಾಲಿಗೆ ಅಪಾಯ. ಅಷ್ಟು ಬೆಳಗ್ಗೆ ಚೊಂಬು ಹಿಡಿದು ಅಲ್ಲಿಗೆ ಬರುವವರು ಯಾರೂ ಸೂರ್ಯೋದಯ ನೋಡಲು ಬಂದವರಲ್ಲ. ಸೂರ್ಯ ಹುಟ್ಟುವುದೂ ಬೆನ್ನ ಹಿಂದೆ, ತೆಂಗಿನ ತೋಟದ ಆಚೆ. ಅದು ಕವಿಗಳಿಗೆ ಗೊತ್ತಿಲ್ಲ, ಬಂದವರಿಗೆ ಬೇಕಿಲ್ಲ. ಹೀಗಾಗಿ ದೀಪಸ್ತಂಭದ ಬಂಡೆಯವರೆಗೆ ನಾನು ಓಡುತ್ತಿದ್ದುದು ನೇರ ಗೆರೆಯಲ್ಲಲ್ಲ. ಹಾವಿನ ಹಾಗೆ, ಕಣ್ಣು ನೆಲದ ಮೇಲೆ.

ಅಲ್ಲಿ ನನ್ನನ್ನು ನಿಲ್ಲಿಸಿದವಳು ಗಿರಿಜಕ್ಕ. ದೋಣಿ ಬಂದೊಡನೆ ಬುಟ್ಟಿ ತುಂಬಿಸಿಕೊಂಡು ಮೊದಲ ಬಸ್ಸು ಹಿಡಿಯಲು ಓಡುವ ಮೀನು ಮಾರುವ ಹೆಂಗಸರಲ್ಲಿ ಇವಳು ಮುಂದಿನವಳು. ಓಟವೆಂದರೆ ಸೊಂಟದಿಂದ ಕೆಳಗೆ ಮಾತ್ರ. ತಲೆಯ ಮೇಲಿನ ಬುಟ್ಟಿ ಗಾಳಿಯಲ್ಲಿ ತೇಲಿಕೊಂಡು ಹೋದಂತೆ ಹೋಗುತ್ತದೆ. ಬಾಯಿ ಮಾತ್ರ ನಿಲ್ಲುವುದೇ ಇಲ್ಲ.

"ಎಂತ ಮಗಾ, ಯಾರು ಅಟ್ಟಿಸ್ತಾ ಉಂಟು?" ಎಂದು ಕೇಳಿದಳು.

"ಯಾರೂ ಇಲ್ಲ ಅಕ್ಕ. ಸುಮ್ಮನೆ ಓಡುದು."

"ಸುಮ್ಮನೆಯಾ?" ಅವಳು ಹಿಂದಿನವರ ಕಡೆ ತಿರುಗಿ ತುಳುವಿನಲ್ಲಿ ಏನೋ ಹೇಳಿದಳು. ಸಾಲಿಗೆ ಸಾಲೇ ನಕ್ಕಿತು. "ಸುಮ್ಮನೆ ಓಡುವ ಕಾಲು ಇದ್ದರೆ ನನಗೆ ಕೊಡು ಮಾರಾಯ. ಈ ಮಂಡಿ ನೋವು ನೀನು ಇಟ್ಟುಕೋ."

ನನಗೆ ರೋಷ ಬಂತು. ಅಲ್ಲೇ ಮರಳಿನ ಮೇಲೆ, ತಲೆಯ ಮೇಲೆ ಇಲ್ಲದ ಬುಟ್ಟಿ ಹೊತ್ತು, ಸೊಂಟ ಬಳುಕಿಸಿ, ಬಾಯಿ ನಿಲ್ಲಿಸದೆ ಗಿರಿಜಕ್ಕನನ್ನು ಮಾಡಿ ತೋರಿಸಿದೆ. ಹಿಂದಿನವರು ನಕ್ಕು ನಕ್ಕು ಬುಟ್ಟಿ ಕೆಳಗಿಟ್ಟರು. ಗಿರಿಜಕ್ಕ ಒಂದು ಬಂಗುಡೆ ಎತ್ತಿ ನನ್ನ ಬೆನ್ನಿಗೆ ಬೀಸಿ ಹೊಡೆದಳು. ಗುರಿ ತಪ್ಪಲಿಲ್ಲ. ಮೀನಿನ ಹೆಸರನ್ನು ಪಾಠಪುಸ್ತಕದಲ್ಲಿ ಮಾತ್ರ ಓದಬಹುದಾಗಿದ್ದ ನಮ್ಮ ಮನೆಗೆ ಆ ಬನಿಯನು ಹಾಕಿಕೊಂಡು ಮರಳಿದಾಗ ಅಮ್ಮ ನನ್ನನ್ನು ಬಾವಿಕಟ್ಟೆಯಿಂದ ಈಚೆಗೆ ಬಿಡಲಿಲ್ಲ. ಅಪ್ಪ ಪೇಪರಿನಿಂದ ತಲೆ ಎತ್ತದೆ, "ತರಬೇತಿ ಶುರುವಾಯಿತಾ?" ಎಂದು ಕೇಳಿದರು.

ಒಂದು ಭಾನುವಾರ ಕಾರ್ಕಳಕ್ಕೂ ಹೋದೆ. ಗೊಮ್ಮಟನ ಬಂಡೆಯ ಮೆಟ್ಟಿಲು ಓಡಿ ಹತ್ತಿದರೆ ಎದೆ ಗಟ್ಟಿಯಾಗುತ್ತದಂತೆ. ಇದೂ ಅಧ್ಯಕ್ಷರ ಮಾತೇ. ಅರ್ಧದಲ್ಲಿ ಕೂತು, ಉಳಿದರ್ಧದಲ್ಲಿ ಕೈಯೂರಿ, ಮೇಲೆ ತಲುಪಿದೆ. ಎದುರಿಗೆ ಅವನು ನಿಂತಿದ್ದ. ಎಷ್ಟೋ ಶತಮಾನಗಳಿಂದ ಒಂದು ಹೆಜ್ಜೆ ಇಡದವನು. ಕಾಲಿಗೆ ಬಳ್ಳಿ ಹಬ್ಬಿದರೂ ಕೊಡವದವನು. ನೋಡಿ, ನಮ್ಮ ಸೀಮೆಯಲ್ಲಿ ನಿಂತವನಿಗೆ ಅಭಿಷೇಕ, ಓಡುವವನಿಗೆ ಬಂಗುಡೆ. ಅದರಲ್ಲಿ ತಪ್ಪೂ ಇಲ್ಲ. ನಮ್ಮ ಪುರಾಣಗಳಲ್ಲೂ ಹಾಗೆಯೇ. ದೇವತೆಗಳಿಗೆಲ್ಲ ಒಂದೊಂದು ವಾಹನ ಉಂಟು. ಇಲಿಯಾದರೂ ಸರಿ, ಹತ್ತಿ ಕೂರುತ್ತಾರೆ, ಇಳಿದು ಓಡುವುದಿಲ್ಲ. ವೀರರು ರಥದಲ್ಲಿ ಬರುತ್ತಾರೆ. ಓಡಿದನೆಂದರೆ ಸೋತನೆಂದೇ ಅರ್ಥ. ಇನ್ನು ನಮ್ಮ ಯಕ್ಷಗಾನ. ಅಲ್ಲಿಯ ದೂತ ಅವಸರದ ಸುದ್ದಿ ಹೊತ್ತು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗುವುದೆಂದರೆ ಚೆಂಡೆಯ ಪೆಟ್ಟಿಗೆ ರಂಗಸ್ಥಳಕ್ಕೆ ನಾಲ್ಕು ಸುತ್ತು. ಹೊರಟಲ್ಲಿಗೇ ಬಂದು ನಿಂತು, ತಲುಪಿದೆ ಎನ್ನುತ್ತಾನೆ. ನಾವೂ ನಂಬುತ್ತೇವೆ. ಇಂಥ ಜನರ ನಡುವೆ ರಸ್ತೆ ಓಟದ ಅಭ್ಯಾಸ ಮಾಡುವವನಿಗೆ ಗೊಮ್ಮಟನೊಬ್ಬನೇ ಗತಿ. ಅವನು ಎಲ್ಲಿಗೆ ಎಂದು ಕೇಳಲಿಲ್ಲ. ಇಳಿಯುವಾಗ ನಾನು ಒಂದೊಂದೇ ಮೆಟ್ಟಿಲಲ್ಲಿ ಕೂತು ಜಾರುತ್ತಿದ್ದುದನ್ನು ನೋಡಿ ನಕ್ಕನೋ ಏನೋ; ಅವನ ಮುಖದಲ್ಲಿ ಒಂದು ನಗು ಮೊದಲೇ ಇರುವುದರಿಂದ ಹೇಳಲಾಗುವುದಿಲ್ಲ.

ಕೊನೆಗೆ ಉಳಿದದ್ದು ಓಟ ನಡೆಯಬೇಕಾದ ರಸ್ತೆಯೇ. ಹಿರಿಯಡ್ಕ, ಆತ್ರಾಡಿ, ಪರ್ಕಳ, ಅಲ್ಲಿಂದ ಏರಿ ಮಣಿಪಾಲ, ಮತ್ತೆ ಇಳಿದು ಉಡುಪಿ. ಈ ರಸ್ತೆಯಲ್ಲಿ ಒಂದು ಕಷ್ಟವುಂಟು. ಅದರ ಹೆಸರು ಬಸ್ಸು. ನಮ್ಮ ಕಡೆಯ ಖಾಸಗಿ ಬಸ್ಸುಗಳ ಧರ್ಮವೇ ಬೇರೆ. ಹಿಂದಿನ ಬಸ್ಸು ಬರುವುದಕ್ಕೆ ಮೊದಲು ರಸ್ತೆಯಲ್ಲಿರುವ ಜೀವಿಗಳನ್ನೆಲ್ಲ ತುಂಬಿಸಿಕೊಳ್ಳಬೇಕು. ನಿಂತವನನ್ನು ಬಿಟ್ಟರೂ ಬಿಟ್ಟಾರು, ಓಡುವವನನ್ನು ಬಿಡುವ ಮಾತೇ ಇಲ್ಲ. ಓಡುವುದು ಮತ್ತೆ ಎಂತಕ್ಕೆ? ಬಸ್ಸಿಗೇ ಅಲ್ಲವೇ? ಕಾರ್ಕಳದಿಂದ ಉಡುಪಿಗೆ ಬರುವ ಒಂದು ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಸುಂದರ ನನಗೆ ಕಾಲೇಜು ದಿನಗಳಿಂದ ಪರಿಚಯ. ನಾನು ಓಡುವುದು ಕಂಡರೆ ಅವನ ಕೈ ತಾನಾಗಿ ಸೀಟಿಯನ್ನು ಬಾಯಿಗಿಡುತ್ತಿತ್ತು. ಬಸ್ಸು ನಿಲ್ಲುತ್ತಿತ್ತು.

"ಹತ್ತು ಮಾರಾಯ, ಹತ್ತು. ಟೈಮಿಂಗ್ ಉಂಟು!"

"ನನಗೆ ಬೇಡ ಸುಂದರ. ಓಡ್ಲಿಕ್ಕೆ ಬಂದದ್ದು."

"ಬಸ್ಸು ಉಂಟಲ್ಲ, ಓಡುದು ಎಂತಕ್ಕೆ? ಟಿಕೆಟ್ ಬೇಡ ಮಾರಾಯ, ಹತ್ತು!"

ಇದನ್ನು ಅವನಿಗೆ ವಿವರಿಸಿ ಹೇಳಲು ಪ್ರತಿಸಲವೂ ನಾನು ನಿಲ್ಲಬೇಕಾಗುತ್ತಿತ್ತು. ಕಿಟಕಿಗಳಿಂದ ತಲೆಗಳು ಹೊರಗೆ ಬಂದು ತಮ್ಮ ತಮ್ಮ ಅಭಿಪ್ರಾಯ ಕೊಡುತ್ತಿದ್ದವು. "ಬಡಪಾಯಿ, ಹತ್ತಿಸಿಕೊಳ್ಳಿ" ಎಂದು ಕೆಲವರು, "ಬಿಡಿ ಮಾರಾಯ್ರೆ, ಕಚ್ಚಿದರೆ?" ಎಂದು ಕೆಲವರು. ಸುಂದರ ಮಾತ್ರ ಸೋಲೊಪ್ಪದೆ, ಓಡುವವನನ್ನು ಬಿಟ್ಟು ಹೋದ ಪಾಪ ತನಗೆ ಬೇಡ ಎಂಬ ಮುಖ ಮಾಡಿ ರೈಟ್ ಕೊಡುತ್ತಿದ್ದ.

ಇಷ್ಟೆಲ್ಲ ರಸ್ತೆ ಸುತ್ತಿದ ಮೇಲೆ ನನ್ನಲ್ಲಿ ಎಲ್ಲರ ಓಟವೂ ಇತ್ತು. ನನ್ನದು ಎಂಬ ಒಂದು ಓಟ ಮಾತ್ರ ಇರಲಿಲ್ಲ. ಇದು ತಿಳಿದದ್ದು ಓಟದ ದಿನ.

ಹಿಂದಿನ ಸಂಜೆ ಅಪ್ಪ, "ನಾಳೆ ಹಿರಿಯಡ್ಕದ ಹತ್ತಿರ ಒಂದು ಉಪನಯನ ಉಂಟು, ನಾನು ಬೆಳಗ್ಗೆ ಹೊರಡ್ತೇನೆ" ಎಂದು ಅಮ್ಮನಿಗೆ ಹೇಳುವುದು ಕೇಳಿಸಿತ್ತು. ಮಗನ ಹಣೆಬರಹ ತೀರ್ಮಾನವಾಗುವ ದಿನ ಪಾಯಸ ಉಣ್ಣಲು ಹೋಗುವ ತಂದೆಯ ಬಗ್ಗೆ ನಾನು ಅಡುಗೆಕೋಣೆಯಲ್ಲಿ ಒಂದು ಹೊಸ ದೃಶ್ಯವನ್ನೇ ಸೇರಿಸಿದೆ. ಅಮ್ಮ ಯಾಕೋ ಆ ದಿನ ನಗಲಿಲ್ಲ.

ಹಿರಿಯಡ್ಕದ ಅಂಗಡಿಸಾಲಿನ ಎದುರು ಅಧ್ಯಕ್ಷರು ಸ್ಕೂಟರಿನ ಮೇಲೆ ಕೂತೇ ಭಾಷಣ ಮಾಡಿ, ಕೂತೇ ಪಚ್ಚೆ ಬಾವುಟ ಬೀಸಿದರು. ತೀರ್ಪುಗಾರರ ಜೀಪು ನಮ್ಮೆಲ್ಲರಿಗಿಂತ ಮುಂದೆ ಓಡಿ ಪರ್ಕಳದ ಹೋಟೆಲಿನ ಎದುರು ನಿಂತಿತು. ಅಲ್ಲಿಂದ ಮುಂದೆ ಅದು ಬಹಳ ಹೊತ್ತು ಯಾರಿಗೂ ಕಾಣಿಸಲಿಲ್ಲ. ನಾನು ಮಣಿಪಾಲದ ವೈದ್ಯನಾಗಿ ಹೊರಟೆ, ನುಣ್ಣಗೆ, ಸದ್ದಿಲ್ಲದೆ. ಆತ್ರಾಡಿಗೆ ಬರುವಷ್ಟರಲ್ಲಿ ವೈದ್ಯನ ದಮ್ಮು ಮುಗಿಯಿತು. ರಥಬೀದಿಯ ಭಟ್ಟರಾದೆ, ಮೇಲೆ ಶಾಂತಿ, ಕೆಳಗೆ ಯುದ್ಧ. ಇಬ್ಬರನ್ನು ದಾಟಿದೆ. ಪರ್ಕಳದಲ್ಲಿ ಗಿರಿಜಕ್ಕನಾದೆ. ಮತ್ತೊಬ್ಬನನ್ನು ದಾಟಿದೆ. ನಂಬಿ, ನಾನು ಆಗ ಮೂರನೆಯವನಾಗಿದ್ದೆ. ನಾಲ್ಕನೆಯವನು ಹಿಂದೆ ತಿರುವಿನಲ್ಲಿ ಚುಕ್ಕೆಯಷ್ಟೇ ಕಾಣುತ್ತಿದ್ದ. ಅಷ್ಟರಲ್ಲಿ ಮಣಿಪಾಲದ ಏರು ಬಂತು. ಅದರ ಅರ್ಧಕ್ಕೆ ಬರುವಾಗ ಗಿರಿಜಕ್ಕನೂ ಕೈಬಿಟ್ಟಳು. ಅಣಕು ಮಾಡಲು ಇನ್ನು ಯಾರೂ ಉಳಿದಿರಲಿಲ್ಲ. ಉಳಿದದ್ದು ನಾನೊಬ್ಬ. ಅವನ ಓಟ ಬಹಳ ಕೆಟ್ಟದಾಗಿತ್ತು.

ಆಗ ಹಿಂದಿನಿಂದ ಬಸ್ಸು ಬಂತು. ಏರಿನಲ್ಲಿ ತುಂಬಿದ ಬಸ್ಸು ನರಳುತ್ತಾ ಮನುಷ್ಯನ ವೇಗಕ್ಕೆ ಇಳಿಯುತ್ತದೆ. ಹಿಂಬಾಗಿಲು ನನ್ನ ಹೆಗಲಿನ ಪಕ್ಕಕ್ಕೇ ಬಂತು. ಬಾಗಿಲಲ್ಲಿ ಸುಂದರ. ಅವನು ಏನೂ ಹೇಳಲಿಲ್ಲ. ಹೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆ. ಸುಮ್ಮನೆ ಕೈ ಚಾಚಿದ. ಹುಟ್ಟಿದಂದಿನಿಂದ ನಾವು ಹಿಡಿದು ಬೆಳೆದ ಕೈ ಅದು. ಓಡುವವನ ಪಕ್ಕದಲ್ಲಿ ಬಸ್ಸಿನ ಬಾಗಿಲು, ಬಾಗಿಲಲ್ಲಿ ಒಂದು ಕೈ; ನಮ್ಮೂರಿನ ಕಾಲಿಗೆ ಇದಕ್ಕಿಂತ ಹೆಚ್ಚು ಅಪ್ಪಣೆ ಬೇಕಿಲ್ಲ. ನನ್ನ ಕಾಲು ತಾನಾಗಿ ಎದ್ದಿತು, ಫುಟ್‌ಬೋರ್ಡಿನ ಮೇಲೆ ಕೂತಿತು. ಒಂದು ವರ್ಷದ ಅಭ್ಯಾಸ ಒಂದು ಕಡೆ, ಇಪ್ಪತ್ತೆರಡು ವರ್ಷದ ಅಭ್ಯಾಸ ಇನ್ನೊಂದು ಕಡೆ. ನಾನು ಹತ್ತಿದ್ದೇನೆಂದು ನನಗೆ ತಿಳಿದದ್ದು ಬಸ್ಸು ಎರಡನೆಯವನನ್ನು ದಾಟಿದ ಮೇಲೆ.

"ಕಡೆಗೂ ಬುದ್ಧಿ ಬಂತಲ್ಲ ಮಾರಾಯ!" ಎಂದ ಸುಂದರ, ಬೆನ್ನು ತಟ್ಟಿ. "ಮುಂದೆ ಹೋಗು, ಮುಂದೆ ಹೋಗು, ಎದುರು ಖಾಲಿ ಉಂಟು."

"ನಿಲ್ಲಿಸು! ರೇಸು, ಸುಂದರ, ರೇಸು!" ಎಂದು ನಾನು ಕೂಗಿದೆನೋ, ಕೂಗಲು ಹೋದೆನೋ, ದಮ್ಮಿರಲಿಲ್ಲ. ಬಸ್ಸು ಮೊದಲನೆಯವನನ್ನೂ ದಾಟಿತು. ಅವನು ತಲೆ ಎತ್ತಿ ನನ್ನನ್ನು ನೋಡಿದ ನೋಟವನ್ನು ಈಗಲೂ ಅಣಕು ಮಾಡಲು ನನಗೆ ಬರುವುದಿಲ್ಲ.

ಆಗ ಬಸ್ಸಿನ ನಡುಭಾಗದಿಂದ ಒಂದು ಸ್ವರ ಎದ್ದಿತು.

"ನಿಲ್ಲಿಸಿ ಮಾರಾಯ್ರೆ! ನಿಲ್ಲಿಸಿ! ಅವ ಓಡುವವ, ಹತ್ತುವವ ಅಲ್ಲ!"

ಜೊತೆಗೆ ಬಸ್ಸಿನ ತಗಡಿಗೆ ಒಂದು ಕೊಡೆ ಢಬಢಬನೆ ಬಡಿಯತೊಡಗಿತು. ಕೊಡೆಯ ಹಿಂದೆ ಅಪ್ಪನಿದ್ದರು. ಬ್ಯಾಂಕಿನಲ್ಲಿ ಸ್ವರ ಎತ್ತಿ ಒಂದು ನಮಸ್ಕಾರ ಹೇಳದ ಅಪ್ಪ, ಸೀಟಿನ ಮೇಲೆ ಅರ್ಧ ಎದ್ದು ನಿಂತು ಡ್ರೈವರನಿಗೆ ಬೈಯುತ್ತಿದ್ದರು. ಗಂಟೆ ಇನ್ನೂ ಬೆಳಗ್ಗೆ ಎಂಟಾಗಿರಲಿಲ್ಲ. ಊಟಕ್ಕೆ ಮೊದಲೇ ಉಪನಯನದಿಂದ ಹೊರಟು ಬಂದವರನ್ನು ಉಡುಪಿಯಲ್ಲಿ ಈವರೆಗೆ ಯಾರೂ ನೋಡಿದ್ದಿಲ್ಲ. ಅಂದರೆ ಉಪನಯನವೇ ಇರಲಿಲ್ಲ. ಹಿರಿಯಡ್ಕದ ಯಾವುದೋ ಅಂಗಡಿಯ ಹಿಂದೆ ನಿಂತು ನಾನು ಹೊರಡುವುದನ್ನು ನೋಡಿ, ನಾನು ಮುಟ್ಟುವುದಕ್ಕೆ ಮೊದಲು ಉಡುಪಿ ಮುಟ್ಟಲು ಬಸ್ಸು ಹತ್ತಿದ್ದರು.

ಏರಿನ ತಲೆಯಲ್ಲಿ ಬಸ್ಸು ನಿಂತಿತು. ಅಪ್ಪ ನನ್ನ ಮುಖ ನೋಡಲಿಲ್ಲ. ಕೊಡೆಯಿಂದ ಕೆಳಗಿನ ರಸ್ತೆ ತೋರಿಸಿದರು.

"ಎಲ್ಲಿ ಹತ್ತಿದೆಯೋ ಅಲ್ಲಿಂದ ಓಡಬೇಕು."

"ಯಾರೂ ನೋಡಲಿಲ್ಲ ಅಪ್ಪ. ಜೀಪು ಹೋಟೆಲಿನಲ್ಲಿ ಉಂಟು."

"ಬಸ್ಸು ಪೂರ್ತಿ ನೋಡಿದೆ," ಎಂದರು ಅಪ್ಪ. "ಹೋಗು."

ಬಸ್ಸು ಪೂರ್ತಿ ಹೌದೆಂದು ತಲೆಯಾಡಿಸಿತು. ನಾನು ಇಳಿದು ಕೆಳಕ್ಕೆ ಓಡಿದೆ. ಎದುರಿಗೆ ಏರಿ ಬರುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಕೇಳಿದರು: "ಎಂತ, ಮುಗಿಯಿತಾ?" "ದಾರಿ ತಪ್ಪಿತಾ?" "ಏನಾದರೂ ಬಿದ್ದಿತಾ ಮಾರಾಯ?" ರೇಸಿನಲ್ಲಿ ಓಡುವವರೂ ಉಡುಪಿಯವರೇ ಅಲ್ಲವೇ, ಕೇಳದೆ ಬಿಟ್ಟಾರೆಯೇ? ಹತ್ತಿದ ಜಾಗದ ಮೈಲಿಗಲ್ಲು ಮುಟ್ಟಿ, ತಿರುಗಿ ಮತ್ತೆ ಅದೇ ಏರು ಹತ್ತಿದೆ. ಉಡುಪಿಯ ಶಾಲೆಯ ಮೈದಾನಕ್ಕೆ ನಾನು ಮುಟ್ಟುವಾಗ ಬಹುಮಾನ ವಿತರಣೆ ಮುಗಿದು ಅಧ್ಯಕ್ಷರ ಎರಡನೆಯ ಭಾಷಣ ನಡೆಯುತ್ತಿತ್ತು. ನನ್ನ ಹಿಂದೆ ಇನ್ನೂ ಇಬ್ಬರು ಬಂದರು. ಒಬ್ಬನ ಚಪ್ಪಲಿ ಕಿತ್ತುಹೋಗಿತ್ತು. ಇನ್ನೊಬ್ಬ ಪರ್ಕಳದಲ್ಲಿ ತೀರ್ಪುಗಾರರ ಜೊತೆ ದೋಸೆ ತಿಂದು ಬಂದಿದ್ದ.

ಮೈದಾನದ ಬೇಲಿಯ ಆಚೆ ಒಂದು ಕೊಡೆ ಕಂಡಿತು. ನಾನು ನೋಡುವಷ್ಟರಲ್ಲಿ ಅದು ಮನೆಯ ಕಡೆ ಹೊರಟಿತ್ತು.

ಮನೆಗೆ ಬಂದು ಹಿಂಬದಿಯಿಂದ ಬಾವಿಕಟ್ಟೆಗೆ ಹೋದೆ. ಬ್ಯಾಂಕಿನ ಪರೀಕ್ಷೆಗೆ ಬೇಕಾದ ಗಣಿತವನ್ನು ಮನಸ್ಸಿನಲ್ಲೇ ಬೈಯುತ್ತಾ ಕಾಲು ತೊಳೆಯುತ್ತಿದ್ದಾಗ ಅಡುಗೆಕೋಣೆಯಿಂದ ಅಮ್ಮ ನಗುವುದು ಕೇಳಿಸಿತು. ಅದು ನನಗೆ ಗುರುತಿದ್ದ ನಗು, ಸೆರಗು ಬಾಯಿಗೆ ಒತ್ತಿ ನಗುವ ನಗು. ಆ ನಗುವನ್ನು ಹೊರಡಿಸಲು ಬರುವುದು ನನಗೊಬ್ಬನಿಗೇ ಎಂದುಕೊಂಡಿದ್ದೆ. ಕಿಟಕಿಯಿಂದ ಇಣುಕಿದೆ.

ಅಪ್ಪ ಪಂಚೆ ಎತ್ತಿ ಕಟ್ಟಿ, ಅಡುಗೆಕೋಣೆಯ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದರು. ನನ್ನನ್ನು ಮಾಡುತ್ತಿದ್ದರು. ಬಾಯಿ ತೆರೆದಿದೆ, ಕಣ್ಣು ಮೇಲೆ ಸಿಕ್ಕಿಕೊಂಡಿದೆ, ಕಾಲು ಎರಡು ದಿಕ್ಕಿಗೆ ಹೋಗುತ್ತಿದೆ. ಆಮೇಲೆ ಬಸ್ಸು ಬಂತು. ಅಮ್ಮ ಸುಂದರನಾಗಿ ಸೌಟು ಚಾಚಿದಳು. ಅಪ್ಪ ಎಮ್ಮೆ ಕೆರೆಗೆ ಇಳಿಯುವ ಸಮಾಧಾನದಲ್ಲಿ ಒಂದು ಕಾಲೆತ್ತಿ ಮಣೆಯ ಮೇಲೆ ಇಟ್ಟರು. ಅಷ್ಟು ಚೆನ್ನಾಗಿ ನಾನು ಯಾರನ್ನೂ ಮಾಡಿದ್ದಿಲ್ಲ. ಈ ವಿದ್ಯೆ ನನಗೆ ದೇವರು ಕೊಟ್ಟದ್ದೆಂದು ಮೊದಲು ಬರೆದೆನಲ್ಲ, ಅದನ್ನು ಹೊಡೆದುಹಾಕಿ ಓದಿಕೊಳ್ಳಿ.

ಆದರೆ ನಾನು ದಂಗಾಗಿ ನಿಂತದ್ದು ಅದಕ್ಕಲ್ಲ. ಅಪ್ಪ ಮಾಡಿ ತೋರಿಸಿದ ನನ್ನ ಓಟದಲ್ಲಿ ಬಲಗೈ ಲೋಲಕದಂತೆ ಬೀಸುತ್ತಿತ್ತು. ತಲೆ ತುಸು ಬಲಕ್ಕೆ ವಾಲಿತ್ತು. ಎಡಗೈ ಮಾತ್ರ ಮೈಗೆ ಅಂಟಿಸಿದಂತೆ ಅಲುಗದೆ ಇತ್ತು, ಕಂಕುಳಲ್ಲಿ ಏನನ್ನೋ ಬೀಳದಂತೆ ಹಿಡಿದುಕೊಂಡ ಹಾಗೆ.

ಅಪ್ಪ ನನ್ನನ್ನು ಕಿಟಕಿಯಲ್ಲಿ ಕಂಡರು. ಪಂಚೆ ಇಳಿಸಿಕೊಂಡರು. ಏದುಸಿರು ತಗ್ಗುವವರೆಗೆ ಬ್ಯಾಂಕಿನ ಮುಖವನ್ನು ಹಾಕಿಕೊಳ್ಳಲು ಅವರಿಗೆ ಆಗಲಿಲ್ಲ.

"ಓಡುದು ಕಲಿಯಲಿಕ್ಕೆ ಕಾಲೇಜು ಎಂತಕ್ಕೆ ಅಂತ ಕೇಳಿದೆ ಅಲ್ವಾ?" ಎಂದರು. "ಇವತ್ತು ನೋಡಿದೆ. ಇಷ್ಟು ಕೆಟ್ಟದಾಗಿ ಓಡುವವ ಕಾಲೇಜಿಗೇ ಹೋಗಬೇಕು. ಅರ್ಜಿ ಹಾಕು."

ಈಗ ನಾನು ಕಾರ್ಕಳದ ಹತ್ತಿರ ಒಂದು ಶಾಲೆಯಲ್ಲಿ ಡ್ರಿಲ್ ಮಾಸ್ಟ್ರು. ಕಾಲೇಜಿನವರು ನನ್ನ ಕಾಲನ್ನು ಸ್ವಲ್ಪ ನೇರ ಮಾಡಿದರು, ದಮ್ಮು ಹೆಚ್ಚಿಸಿದರು. ಎಡಗೈಯ ಮುಂದೆ ಮಾತ್ರ ಕೈಚೆಲ್ಲಿದರು. ಬೆಳಗ್ಗೆ ರಸ್ತೆಯಲ್ಲಿ ಓಡುವಾಗ ಸುಂದರನ ಬಸ್ಸು ಈಗಲೂ ನಿಧಾನಿಸುತ್ತದೆ. ನಾನು ರಸ್ತೆಯ ಆಚೆಬದಿಗೆ ದಾಟಿಬಿಡುತ್ತೇನೆ, ನನ್ನ ಕಾಲಿನ ಮೇಲೆ ನನಗೆ ಇನ್ನೂ ನಂಬಿಕೆಯಿಲ್ಲ. ಮೈದಾನದಲ್ಲಿ ನಾನು ಮುಂದೆ ಓಡಿದರೆ ಹುಡುಗರು ಹಿಂದೆ ಓಡುತ್ತಾರೆ. ಒಮ್ಮೆ ಥಟ್ಟನೆ ತಿರುಗಿ ನೋಡಿದೆ. ಇಡೀ ಸಾಲು ನನ್ನ ಅಣಕು ಮಾಡುತ್ತಾ ಬರುತ್ತಿತ್ತು. ನನ್ನ ಅಪ್ಪನನ್ನು ಒಮ್ಮೆಯೂ ಕಾಣದ ಆ ಪೋಕರಿಗಳು, ಒಬ್ಬೊಬ್ಬನೂ ಎಡ ಕಂಕುಳಲ್ಲಿ ಅವರ ಕೊಡೆ ಹಿಡಿದುಕೊಂಡು ಓಡುತ್ತಿದ್ದರು.